ಖಂಡೇನವಮಿಯ ದಿನ ಶೆಟರಿನ ಕೆಳಗೆ

ನಮ್ಮ ಮನೆಯ ಶೆಟರ್ ಅವತ್ತು ನೆಲದಿಂದ ಮೂರೂವರೆ ಫೂಟು ಎತ್ತರದಲ್ಲಿ ಸಿಕ್ಕಿಕೊಂಡಿತ್ತು. ಅಷ್ಟು ಎತ್ತರದಿಂದ ಒಂದು ವಸ್ತು ನೆಲಕ್ಕೆ ಬೀಳಲು ಅರ್ಧ ಸೆಕೆಂಡೂ ಬೇಕಾಗುವುದಿಲ್ಲ. ನಾನು ಮುಂಡರಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವವಳು, ಈ ಲೆಕ್ಕ ನನಗೆ ಬಾಯಿಪಾಠ. ಆದರೆ ಅದನ್ನು ಮಾಡಿದ್ದು ಶೆಟರ್ ಬಿದ್ದ ಮೇಲೆ. ಬೀಳುವುದಕ್ಕೆ ಸ್ವಲ್ಪ ಮೊದಲು ಅದರ ಕೆಳಗೆ ನನ್ನ ಗಂಡನ ತಲೆ ಇತ್ತು.

ನಮ್ಮ ಮನೆ ಬೆಟಗೇರಿಯಲ್ಲಿದೆ. ಬೀದಿಗೆ ಮುಖ ಮಾಡಿದ ಮುಂದಿನ ಕೋಣೆಯನ್ನು ನಮ್ಮ ಮಾವ ನೂಲಿನ ಅಂಗಡಿಗೆಂದು ಕಟ್ಟಿಸಿದ್ದರು. ಅಂಗಡಿ ಮುಚ್ಚಿ ಎಷ್ಟೋ ವರ್ಷಗಳಾದವು, ಮಾವನವರೂ ಹೋದರು. ಈಗ ಆ ಕೋಣೆಯಲ್ಲಿ ನಮ್ಮ ಕಾರು ನಿಲ್ಲುತ್ತದೆ. ನಮ್ಮ ಮನೆಯವರು ದಿನಾ ಅದರಲ್ಲಿ ಶಿರಹಟ್ಟಿಯ ಕಚೇರಿಗೆ ಹೋಗಿ ಬರುತ್ತಾರೆ. ಕಾರು ಬಂದಮೇಲೂ ಮನೆಯಲ್ಲಿ ಆ ಕೋಣೆಯ ಹೆಸರು ಬದಲಾಗಲಿಲ್ಲ. "ಗಾಡಿ ಅಂಗಡ್ಯಾಗ ಐತಿ" ಎಂದೇ ಹೇಳುತ್ತೇವೆ. ಹೊಸಬರು ಕೇಳಿದರೆ ನಾವು ಕಾರು ಮಾರುತ್ತೇವೆ ಎಂದುಕೊಳ್ಳಬೇಕು. ಶೆಟರ್ ಕೂಡ ಮಾವನ ಕಾಲದ್ದೇ. ಎಂಟು ಫೂಟು ಅಗಲ, ಎಂಟು ಫೂಟು ಎತ್ತರ, ಎತ್ತುವಾಗ ಇಡೀ ಓಣಿಗೆ ಕೇಳುವಷ್ಟು ಸದ್ದು.

ಖಂಡೇನವಮಿಯ ಬೆಳಿಗ್ಗೆ ನಮ್ಮ ಅತ್ತೆ ಬೇಗ ಎದ್ದು ಹತ್ಯಾರಗಳ ಪೂಜೆ, ಅಂದರೆ ಆಯುಧಪೂಜೆ, ಮುಗಿಸಿದ್ದರು. ಪಡಸಾಲೆಯಲ್ಲಿ ಒಂದು ಚಾಪೆ ಹಾಸಿ ಮನೆಯಲ್ಲಿರುವ ಉಪಕರಣಗಳನ್ನೆಲ್ಲ ಸಾಲಾಗಿ ಇಟ್ಟಿದ್ದರು. ನಮ್ಮವರ ನಟ್ಟು ಬಿಚ್ಚುವ ಪಾನಾಗಳು, ಪಕ್ಕಡು, ಸುತ್ತಿಗೆ, ಹಿಂದಿನ ದಿನವೇ ಕಾರಿನಿಂದ ತೆಗೆದು ತೊಳೆದಿದ್ದ ಜಾಕ್, ಅಡುಗೆಮನೆಯ ಈಳಿಗೆ, ಮಿಕ್ಸರ್, ನನ್ನ ಕಂಪಾಸ್ ಪೆಟ್ಟಿಗೆ, ಕೊನೆಗೆ ನನ್ನ ಲ್ಯಾಪ್‌ಟಾಪ್. ಎಲ್ಲಕ್ಕೂ ವಿಭೂತಿ, ಕುಂಕುಮ, ಒಂದೊಂದು ಸೇವಂತಿಗೆ. ಕುಂಕುಮ ಏರಿದ ವಸ್ತುವನ್ನು ಮರುದಿನ ದಶಮಿಯವರೆಗೆ ಯಾರೂ ಮುಟ್ಟುವಂತಿಲ್ಲ. ಅದಕ್ಕೇ ನಾವು ಕಾಯಿಪಲ್ಲೆಯನ್ನೆಲ್ಲ ಪೂಜೆಗೆ ಮೊದಲೇ ಹೆಚ್ಚಿಟ್ಟುಕೊಳ್ಳುತ್ತೇವೆ. ಕಾರಿನ ಮುಂದೆ ಒಡೆಯುವ ಬೂದುಗುಂಬಳಕಾಯಿಗೂ ಬೆಳಿಗ್ಗೆಯೇ ತೂತು ಕೊರೆದು, ಒಳಗೆ ಕುಂಕುಮ ತುಂಬಿ ಇಟ್ಟಾಗಿತ್ತು.

ಇನ್ನು ಉಳಿದದ್ದು ಕಾರಿನ ಪೂಜೆ. ಅದನ್ನು ಬೀದಿಗೆ ತಂದು ತೊಳೆದು, ಹಾರ ಹಾಕಿ, ಗಾಲಿಗಳ ಕೆಳಗೆ ಲಿಂಬೆಹಣ್ಣು ಇಟ್ಟು ಹಾಯಿಸಬೇಕು. ಹತ್ತು ಗಂಟೆಯ ಹೊತ್ತಿಗೆ ನಮ್ಮವರು ಶೆಟರ್ ಎತ್ತಲು ಹೋದರು. ಎಂದಿನಂತೆ ಬಗ್ಗಿ, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಮೇಲಕ್ಕೆ ದೂಡಿದರು. ಸೊಂಟದ ಮಟ್ಟ ದಾಟುತ್ತಲೇ ಮೇಲಿನ ಪೆಟ್ಟಿಗೆಯೊಳಗಿಂದ 'ಕಟ್' ಎಂದು ಒಂದು ಶಬ್ದ ಬಂತು. ಶೆಟರಿನ ಎಡಗಡೆ ತುಸು ಮೇಲಕ್ಕೆ ಹೋಯಿತು, ಬಲಗಡೆ ಅಲ್ಲೇ ನಿಂತಿತು. ಆಮೇಲೆ ಅದು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಬರಲಿಲ್ಲ.

ಆ 'ಕಟ್' ನಮಗಿಬ್ಬರಿಗೂ ಕೇಳಿಸಿತ್ತು. ಹಳೇ ಶೆಟರ್, ದಿನಾ ಏನಾದರೊಂದು ಸದ್ದು ಮಾಡುತ್ತದೆ ಎಂದು ಇಬ್ಬರೂ ಬಿಟ್ಟುಬಿಟ್ಟೆವು.

ನಮ್ಮವರು ಶೆಟರಿನ ಮಿಸ್ತ್ರಿಗೆ ಫೋನ್ ಮಾಡಿದರು. ಮಾವನ ಕಾಲದಲ್ಲಿ ಈ ಶೆಟರ್ ಕೂಡಿಸಿದವನ ಮಗ ಅವನು, ಮುಸಲ್ಮಾನರವನು. ತಂದೆ ಮಗ ಇಬ್ಬರೂ ನಮ್ಮ ಓಣಿಯ ಅರ್ಧ ಶೆಟರುಗಳನ್ನು ಕೂಡಿಸಿದವರು. ಫೋನಿನ ಸದ್ದು ಜೋರಾಗಿದ್ದರಿಂದ ಅವನ ಮಾತು ನನಗೂ ಕೇಳಿಸುತ್ತಿತ್ತು.

"ಸರ, ಇವತ್ತ ಹತ್ಯಾರ ಪೂಜಿಗೆ ಇಟ್ಟೇವ್ರಿ. ನಾಳಿ ಮುಂಜಾನಿ ಮೊದಲ ನಿಮ್ಮ ಮನಿ."

"ಯಪ್ಪಾ, ನಿಮ್ಮಲ್ಲೂ ಖಂಡೇ ಪೂಜಿ ಮಾಡ್ತೀರೇನು?" ಎಂದು ನಮ್ಮವರು ನಕ್ಕರು.

"ನಮ್ಮಪ್ಪನ ಕಾಲದಿಂದ ಅಂಗಡ್ಯಾಗ ಮಾಡ್ಕೋತ ಬಂದೇವ್ರಿ. ವರ್ಷಾನುಗಟ್ಲೆ ಅನ್ನ ಹಾಕತಾವು, ಒಂದ ದಿನ ಮಲಗಲಿ ಬಿಡ್ರಿ ಪಾಪ. ಅಲ್ಲೀತನಕ ನೀವು ಅದಕ್ಕ ಕೈ ಹಚ್ಚಬ್ಯಾಡ್ರಿ. ಹ್ಯಾಂಗ ಐತಿ ಹಾಂಗ ಇರ್ಲಿ."

ಹಾಗೇ ಇರಲಿ ಎಂದು ಬಿಟ್ಟಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆದರೆ ಮರುದಿನ ಬನ್ನಿ ಕೊಡಲು ಲಕ್ಷ್ಮೇಶ್ವರದ ದೊಡ್ಡಮ್ಮನ ಮನೆಗೆ ಹೋಗುವುದಿತ್ತು. ಅವರು ಅತ್ತೆಯ ಅಕ್ಕ. ಪೂಜೆಯಾಗದ ಗಾಡಿ ಹತ್ತಿ ಅಷ್ಟು ದೂರ ಹೋಗುವುದಿಲ್ಲ ಎಂದು ಅತ್ತೆ ಬಾಗಿಲಲ್ಲೇ ನಿಂತು ಹೇಳಿದರು. ಕೋಣೆಗೆ ಒಳಗಿನಿಂದ ಒಂದು ಬಾಗಿಲಿದೆ, ಒಳಗೇ ಪೂಜೆ ಮಾಡಿಬಿಡೋಣ ಎಂದೆ ನಾನು.

"ಲಿಂಬಿಹಣ್ಣು ಹ್ಯಾಂಗ ಹಾಯಿಸ್ತಿ? ಗ್ವಾಡಿಗೆ ಗುದ್ದಿಸ್ತೀಯೇನು?" ಎಂದರು ಅತ್ತೆ.

ನಮ್ಮವರು ತಲೆ ಕೆರೆದುಕೊಂಡು ಪಡಸಾಲೆಯ ಕಡೆ ನೋಡಿದರು. "ಯವ್ವಾ, ಆ ಜಾಕ್ ಒಂದು ತೊಗೊಳ್ಳೇನು? ಸ್ಟೂಲಿನ ಮ್ಯಾಲ ಇಟ್ಟು ಶೆಟರಿನ ಬುಡಕ ಕೊಟ್ಟು ಎತ್ತಿದ್ರ ಆತು, ಐದ ನಿಮಿಷದ ಕೆಲಸ."

"ಹೂವ ಕುಂಕುಮ ಹಚ್ಚಿಸ್ಕೊಂಡು ಚಂದಂಗೆ ಕುಂತೈತಿ. ಅದನ್ನ ಎಬ್ಬಿಸಿ ಮಣ್ಣಾಗ ಹಾಕ್ತೀಯಾ?"

"ಪಾನಾ?"

"ಅದೂ ಕುಂತೈತಿ."

ಇದು ನಗುವ ಮಾತೇ, ನಾವೂ ನಕ್ಕೆವು. ಮೂವರಲ್ಲಿ ಯಾರಿಗೂ ಹತ್ಯಾರ ಮುಟ್ಟುವ ಮನಸ್ಸಿರಲಿಲ್ಲ. ನಾನು ಬಿಎಸ್ಸಿ ಓದಿದವಳು ಎಂದ ಮಾತ್ರಕ್ಕೆ ಕುಂಕುಮ ಏರಿದ ಪಾನಾಕ್ಕೆ ಕೈ ಹಾಕುತ್ತಿದ್ದೆ ಎಂದೇನಿಲ್ಲ. ಹಾಗಾಗಿ ಪೂಜೆಯಾಗದ ವಸ್ತು ಮನೆಯಲ್ಲಿ ಏನಿದೆ ಎಂದು ಹುಡುಕತೊಡಗಿದೆವು. ಸಿಕ್ಕಿದ್ದು ಒಂದೇ, ಅಟ್ಟದ ಮೇಲಿನ ಒನಕೆ. ಎಷ್ಟೋ ವರ್ಷಗಳಿಂದ ಯಾರೂ ಅದರಲ್ಲಿ ಏನನ್ನೂ ಕುಟ್ಟಿಲ್ಲವಾದ್ದರಿಂದ ಪೂಜೆಗೆ ಇಳಿಸುವುದನ್ನೇ ಅತ್ತೆ ಮರೆತಿದ್ದರು.

"ಅದಕ್ಕ ಕುಂಕುಮ ಹಚ್ಚಿಲ್ಲ ನೋಡು. ಅದನ್ನ ತೊಗೋರಿ," ಎಂದರು ಅವರು, ದೊಡ್ಡ ಉಪಕಾರ ಮಾಡಿದವರಂತೆ.

ಒನಕೆಯನ್ನು ಶೆಟರಿನ ಬಲಗಡೆಯ ತುದಿಗೆ ಆನಿಕೆಯಾಗಿ ಕೊಟ್ಟೆವು. ಅದು ಶೆಟರಿನ ಎತ್ತರಕ್ಕಿಂತ ಉದ್ದವಿದ್ದುದರಿಂದ ನೆಟ್ಟಗೆ ನಿಲ್ಲದೆ ಓರೆಯಾಗಿ ನಿಂತಿತು. ಅದನ್ನು ಹಿಡಿದುಕೊಂಡು ನಿಲ್ಲುವ ಕೆಲಸ ನನಗೆ ಬಂತು. ನಾನು ಬೀದಿಯ ಕಡೆ, ಹೊಸ್ತಿಲಿನ ಹೊರಗೆ ನಿಂತೆ. ಕಾರು ತೊಳೆಯುವುದಕ್ಕೆಂದು ಬೆಳಿಗ್ಗೆಯೇ ಅಲ್ಲಿ ನೀರು ಹೊಡೆದಿತ್ತು, ಫರಸಿ ಕಲ್ಲುಗಳು ಇನ್ನೂ ಒದ್ದೆ ಇದ್ದವು. ಪೂಜೆಯ ಬುಟ್ಟಿ, ಲಿಂಬೆಹಣ್ಣು, ಕುಂಬಳಕಾಯಿ ಎಲ್ಲವನ್ನೂ ಅತ್ತೆ ಆಗಲೇ ತಂದು ಹೊಸ್ತಿಲ ಮೇಲೆ ಇಟ್ಟಿದ್ದರು. ಗಾಡಿ ಹೊರಗೆ ಬಂದೇ ಬರುತ್ತದೆ ಎಂಬ ನಂಬಿಕೆ ಅವರದು.

ನಮ್ಮವರು ಬಗ್ಗಿ, ಶೆಟರಿನ ಕೆಳಗಿನ ಪಟ್ಟಿಗೆ ಹೆಗಲು ಕೊಟ್ಟು ಮೇಲಕ್ಕೆ ದೂಡಿದರು. ಅಲ್ಲಾಡಲಿಲ್ಲ. ಆಗ ನಾನು ಒಂದು ಮಾತು ಹೇಳಿದೆ. ಇವತ್ತಿಗೂ ಆ ಮಾತು ನನ್ನ ಕಿವಿಯಲ್ಲಿದೆ, ನನ್ನದೇ ದನಿಯಲ್ಲಿ, ಹಲಗೆಯ ಮುಂದೆ ನಿಂತು ಹೇಳುವ ದನಿಯಲ್ಲಿ.

"ಎಣ್ಣಿ ಹಾಕೂಣ್ರಿ. ತಿಕ್ಕಾಟ ಜಾಸ್ತಿ ಆಗಿ ಸಿಕ್ಕೊಂಡೈತಿ. ಎಣ್ಣಿ ಹತ್ಯಾರ ಅಲ್ಲಲ್ಲ?"

ಅತ್ತೆ ಒಂದು ಕ್ಷಣ ವಿಚಾರ ಮಾಡಿ, ಅಲ್ಲ ಎಂದರು. ದೇವರ ದೀಪಕ್ಕೆ ಹಾಕುವ ಶೇಂಗಾ ಎಣ್ಣೆಯ ಬಾಟ್ಲಿಯನ್ನು ಅವರೇ ತಂದುಕೊಟ್ಟರು. ಒನಕೆಯನ್ನು ತುಸು ಹೊತ್ತು ಅವರ ಕೈಗೆ ಕೊಟ್ಟು, ನಾನು ಸ್ಟೂಲು ಹತ್ತಿದೆ. ಶೆಟರಿನ ಅಂಚು ಓಡಾಡುವ ಎರಡು ಕಬ್ಬಿಣದ ಚಾನಲ್‌ಗಳಿರುತ್ತವಲ್ಲ, ಗೋಡೆಗೆ ಹೊಂದಿಸಿದ ಉದ್ದ ಕೊಳವೆಯಂಥವು, ಅವುಗಳೊಳಗೆ ಹತ್ತಿಯ ಬತ್ತಿ ಅದ್ದಿ ಅದ್ದಿ ಎಣ್ಣೆ ಬಿಟ್ಟೆ. ಎಡಕ್ಕೆ ಅರ್ಧ ಬಾಟ್ಲಿ, ಬಲಕ್ಕೆ ಅರ್ಧ ಬಾಟ್ಲಿ. ಮನಸ್ಸಿಟ್ಟು ಮಾಡಿದೆ, ಎಲ್ಲೂ ಒಣಗಿದ ಜಾಗ ಉಳಿಯದಂತೆ.

ಮತ್ತೆ ಒನಕೆ ಹಿಡಿದು ನಿಂತೆ. ನಮ್ಮವರು ಮತ್ತೆ ಹೆಗಲು ಕೊಟ್ಟರು. ಈ ಸಲ ಶೆಟರ್ ಒಂದು ಬೆರಳಿನಷ್ಟು ಅಲುಗಿತು. "ಬರಾಕತ್ತೈತಿ, ಬರಾಕತ್ತೈತಿ!" ಎಂದು ಅವರು ಹುರುಪಾದರು. ಒಮ್ಮೆ ದೂಡುವುದು, ಒಮ್ಮೆ ಅಲ್ಲಾಡಿಸುವುದು, ಒಮ್ಮೆ ಮಂಡಿಯೂರಿ ಕೂತು ಕತ್ತು ಹೊರಳಿಸಿ ಮೇಲಿನ ಪೆಟ್ಟಿಗೆಯೊಳಗೆ ಇಣುಕುವುದು. ಹಾಗೆ ಇಣುಕುವಾಗ ಅವರ ತಲೆ ಸರಿಯಾಗಿ ಶೆಟರಿನ ಪಟ್ಟಿಯ ಕೆಳಗೆ ಇರುತ್ತಿತ್ತು, ಕುಂಬಳಕಾಯಿಯ ಪಕ್ಕದಲ್ಲಿ. ನಾನು ಅದನ್ನು ನೋಡುತ್ತಿದ್ದೆ. ನೋಡುತ್ತಿದ್ದೆ, ಆದರೆ ನನ್ನ ತಲೆಯಲ್ಲಿ ಇದ್ದದ್ದು ಹೋಳಿಗೆಯ ಹೂರಣ. ಕಡಲೆಬೇಳೆ ಒಲೆಯ ಮೇಲೆ ಇಟ್ಟು ಬಂದಿದ್ದೆ, ಸೀದು ಹೋದೀತು ಎಂಬ ಚಿಂತೆ. ಕೈ ಬೇರೆ ನೋಯುತ್ತಿತ್ತು.

ಆಗ ಫೋನ್ ಬಂತು. ಅದು ಮನೆಯ ಕಟ್ಟೆಯ ಮೇಲೆ ಇತ್ತು, ನನ್ನಿಂದ ನಾಲ್ಕು ಹೆಜ್ಜೆ ದೂರ.

ನಮ್ಮವರು ಶೆಟರಿನ ಕೆಳಗೆ ಮಂಡಿಯೂರಿಯೇ ಇದ್ದರು. "ಯಾರದು ನೋಡು. ನನ್ನ ಕೈಯೆಲ್ಲಾ ಎಣ್ಣಿ ಆಗೈತಿ."

ಬೇರೆ ಯಾವ ದಿನವಾಗಿದ್ದರೂ ನಾನು ಹೋಗಿ ಫೋನ್ ತರುತ್ತಿದ್ದೆ. ಅವರ ಕನ್ನಡಕ, ಫೋನು, ಟವೆಲು ತಂದುಕೊಡುವುದೆಲ್ಲ ನನಗೆ ರೂಢಿ. ಅವತ್ತು ನನಗೆ ಸಿಟ್ಟು ಬಂದಿತ್ತು. ಮುಕ್ಕಾಲು ಗಂಟೆಯಿಂದ ಬೀದಿಯಲ್ಲಿ ಒನಕೆ ಹಿಡಿದು ನಿಂತಿದ್ದೆ, ಹೋಗಿಬರುವವರೆಲ್ಲ ನೋಡಿ ನಗುತ್ತಿದ್ದರು.

"ನೀವಽ ಎದ್ದು ತೊಗೋರಿ. ನನಗ ಎಷ್ಟ ಕೈ ಅದಾವು?" ಎಂದೆ.

"ಮಾಸ್ತರಿಕಿ ಮನ್ಯಾಗೂ ಬಿಡಂಗಿಲ್ಲ ನೋಡು" ಎಂದು ಗೊಣಗುತ್ತಾ ಅವರು ತಲೆ ಹಿಂದಕ್ಕೆ ತೆಗೆದು, ಹೊರಗೆ ಬಂದು, ಲುಂಗಿಗೆ ಕೈ ಒರೆಸಿಕೊಂಡು ಫೋನ್ ಎತ್ತಿದರು. ಮಿಸ್ತ್ರಿಯ ದನಿ ಕೇಳಿಸಿತು.

"ಸರ, ಒಂದು ಕೇಳೂದು ಮರ್ತಿದ್ದೆ. ಅದು ಸಿಕ್ಕೊಳ್ಳೂ ಮುಂದ ಮ್ಯಾಲೆ ಕಟ್ ಅಂತ ಏನರ ಸಪ್ಪಳ ಬಂತೇನ್ರಿ?"

"ಹೌದ್ರಿ ಮಿಸ್ತ್ರಿ, ಬಂತು..." ಎಂದರು ನಮ್ಮವರು.

ಅಷ್ಟರಲ್ಲಿ ನಾನು ಒನಕೆಯನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿದೆ. ಅಷ್ಟೇ ಮಾಡಿದ್ದು. ಅದರ ಬುಡ ಒದ್ದೆ ಫರಸಿಯ ಮೇಲೆ ಸರಕ್ಕನೆ ಜಾರಿ, ನನ್ನ ಮೊಣಕಾಲಿನ ಕೆಳಗೆ ತಾಗಿಕೊಂಡು ಗಟಾರಿನವರೆಗೆ ಹೋಯಿತು. ಶೆಟರ್ ಒಮ್ಮೆಗೇ ಕೆಳಗೆ ಬಂತು. ಎಂದಿನ ಗಡಗಡ ಸದ್ದೂ ಇರಲಿಲ್ಲ, ಅಷ್ಟು ಚೆನ್ನಾಗಿ ಎಣ್ಣೆ ಹಾಕಿದ್ದೆ. ಕೊನೆಗೆ ಒಂದೇ ಒಂದು ಹೊಡೆತದ ಸದ್ದು.

ಕುಂಬಳಕಾಯಿ ಎರಡು ಹೋಳಾಗಿತ್ತು. ಶೆಟರಿನ ಪಟ್ಟಿ ಅದರ ನಡುವೆ ಇಳಿದು ಹೊಸ್ತಿಲಿಗೆ ಕೂತಿತ್ತು. ಅರ್ಧ ಹೋಳು ಹೊರಗೆ, ಇನ್ನರ್ಧ ಒಳಗೆ ಕತ್ತಲಲ್ಲಿ. ಒಳಗಿನ ಕುಂಕುಮ ಕಾಯಿಯ ನೀರಿನಲ್ಲಿ ಕಲಸಿ ಫರಸಿಯ ಮೇಲೆ ನನ್ನ ಕಾಲಿನ ತನಕ ಹರಿದು ಬಂತು.

ಫೋನಿನಲ್ಲಿ ಮಿಸ್ತ್ರಿ ಕೂಗುತ್ತಿದ್ದ. "ಸರ? ಸರ! ಏನಾತ್ರಿ? ಮಾತಾಡ್ರಿ ಸರ!" ನಮ್ಮವರು ಕುಂಬಳಕಾಯಿಯನ್ನೇ ನೋಡುತ್ತಿದ್ದರು. ಕೊನೆಗೆ ಅತ್ತೆಯೇ ಫೋನ್ ಕಸಿದುಕೊಂಡು, "ಯಾರಿಗೂ ಏನೂ ಆಗಿಲ್ಲಪ್ಪಾ, ಆರಾಮ ಅದಾರ" ಎಂದರು. ಆಮೇಲೆ ನಮ್ಮಿಬ್ಬರ ಮುಖ ನೋಡಿ, "ದೃಷ್ಟಿ ಹೋತು ತೊಗೋ. ಏನ ಹೋಗಬೇಕಾಗಿತ್ತು ಕಾಯಿ ಮ್ಯಾಲ ಹೋತು" ಎಂದರು. ಗಾಡಿ ಹೊರಗೆ ಬರುವುದಿಲ್ಲ ಎಂದು ಖಾತ್ರಿಯಾದ ಮೇಲೆ ಅವರು ಆ ಮುಚ್ಚಿದ ಶೆಟರಿಗೇ ವಿಭೂತಿ ಬಳಿದು, ಹಾರ ಸಿಕ್ಕಿಸಿ, ಕರ್ಪೂರ ಬೆಳಗಿದರು.

ಬೇಳೆ ಸೀದೇ ಹೋಗಿತ್ತು. ಅವತ್ತು ಹೋಳಿಗೆ ಆಗಲಿಲ್ಲ.

ಮರುದಿನ ಬೆಳಿಗ್ಗೆ ಎಂಟಕ್ಕೆಲ್ಲ ಮಿಸ್ತ್ರಿ ಬಂದ, ಜೊತೆಗೆ ಅವನ ಅಣ್ಣ. ಚೀಲದೊಳಗಿನ ಪಾನಾಗಳ ಮೇಲೆ ಹಿಂದಿನ ದಿನದ ಕುಂಕುಮ ಹಾಗೇ ಇತ್ತು. ಬಂದವನೇ ನಮ್ಮವರನ್ನು ಮೇಲಿಂದ ಕೆಳಗಿನವರೆಗೆ ನೋಡಿದ. "ಆ ಸಪ್ಪಳ ಫೋನಿನ್ಯಾಗ ಕೇಳಿ ನನ್ನ ಜೀವಾನಽ ಹೋತ್ರಿ ಸರ. ಅಮ್ಮಾರ ದನಿ ಕೇಳೂತನಕ ನಿಂತಲ್ಲೇ ನಿಂತಿದ್ದೆ."

ಅಣ್ಣ ತಮ್ಮ ಇಬ್ಬರೂ ಏಣಿ ಹಾಕಿ ಮೇಲಿನ ಪೆಟ್ಟಿಗೆಯ ತಗಡು ಬಿಚ್ಚಿದರು. ಸುರುಳಿ ಸ್ಪ್ರಿಂಗಿನ ತುಂಡೊಂದನ್ನು ಮಿಸ್ತ್ರಿ ಕೆಳಗೆ ತಂದು ತೋರಿಸಿದ. ಅಂಗೈ ಅಗಲದ ಉಕ್ಕಿನ ಪಟ್ಟಿ, ಒಂದು ಕಡೆ ಹೊಸದಾಗಿ ಕಡಿದು ಹೊಳೆಯುತ್ತಿತ್ತು.

"ಶೆಟರಿನ ವಜ್ಜಿ ಎಲ್ಲಾ ಇದಽ ಹೊರತೈತ್ರಿ. ಇದು ಕಡೀತು ಅಂದ್ರ ಅದನ್ನ ಹಿಡಿಯೋರು ಯಾರೂ ಇಲ್ಲ. ನಿಮ್ಮ ನಸೀಬಕ್ಕ ಸೊಟ್ಟ ಆಗಿ ಚಾನಲ್‌ನಾಗ ಸಿಕ್ಕೊಂಡು ನಿಂತಿತ್ತು. ಅದು ಸಿಕ್ಕೊಂಡಿದ್ದಕ್ಕಽ ಬೀಳದಽ ನಿಂತಿತ್ರಿ." ಹಾಗೆನ್ನುತ್ತಾ ಅವನು ಬಲಗಡೆಯ ಚಾನಲ್ಲಿನೊಳಗೆ ಬೆರಳು ಆಡಿಸಿದ. ಬೆರಳನ್ನು ಮೂಗಿಗೆ ಹಿಡಿದು ನೋಡಿದ. "ಶೇಂಗಾ ಎಣ್ಣಿ. ಯಾರು ಹಾಕಿದ್ರಿದು?"

ನಮ್ಮವರು, "ನಾನಽ ಹಾಕೇನ್ರಿ" ಎಂದುಬಿಟ್ಟರು. ಅತ್ತೆ ನೆಲ ನೋಡುತ್ತಾ ನಿಂತಿದ್ದರು.

"ಅವರಲ್ಲ, ನಾನು ಹಾಕಿದ್ದು" ಎಂದೆ.

ಮಿಸ್ತ್ರಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೈ ಒರೆಸಿಕೊಳ್ಳುತ್ತಾ ಕೇಳಿದ. "ಗಾಡಿ ಜಾಕ್ ಇರಲಿಲ್ಲೇನ್ರಿ ಅಕ್ಕೋರ? ಜಾಕ್ ಬುಡಕ ಕೊಟ್ಟಿದ್ರ ಬೀಳೂದಾದ್ರೂ ನಿಲ್ಲತಿತ್ತು."

"ಪೂಜಿಗೆ ಇಟ್ಟಿದ್ವಿ," ಎಂದರು ಅತ್ತೆ.

ಮಿಸ್ತ್ರಿಯ ಅಣ್ಣ ಏಣಿಯ ಮೇಲಿಂದಲೇ ಹೇಳಿದ. "ಅಮ್ಮಾರ, ಹತ್ಯಾರಕ್ಕ ರಜಾ ಕೊಟ್ಟು ಕೆಲಸಕ್ಕ ರಜಾ ಕೊಡಲಿಲ್ಲಲ್ರಿ ನೀವು. ನಾವು ಹತ್ಯಾರ ಮುಟ್ಟಂಗಿಲ್ಲ ಅಂದ್ರ ಅವತ್ತ ಏಣೀನೂ ಹತ್ತಂಗಿಲ್ಲ."

ಇಷ್ಟು ವರ್ಷ ಪೂಜೆ ಮಾಡಿಕೊಂಡು ಬಂದ ನಮಗೆ ಇದು ಹೊಳೆದಿರಲಿಲ್ಲ. ಪದ್ಧತಿಯ ಅರ್ಧವನ್ನು ಮಾತ್ರ ನಾವು ಪಾಲಿಸಿದ್ದೆವು. ಉಪಕರಣವನ್ನು ಮುಟ್ಟದೆ ಕೆಲಸ ಮಾತ್ರ ಮಾಡಲು ಹೋಗಿದ್ದೆವು, ಬರಿಗೈಯಲ್ಲಿ, ಒಂದು ಒನಕೆ ಮತ್ತು ದೀಪದ ಎಣ್ಣೆ ಹಿಡಿದುಕೊಂಡು. ಅತ್ತೆ ಒಳಗೆ ಹೋಗಿ ಅವರಿಬ್ಬರಿಗೂ ಚಹಾ ಇಟ್ಟರು.

ಮಧ್ಯಾಹ್ನದ ಹೊತ್ತಿಗೆ ಹೊಸ ಸ್ಪ್ರಿಂಗ್ ಕೂತಿತು. ಎಣ್ಣೆ ಒರೆಸಿ, ಶೆಟರ್ ಪೂರ್ತಿ ಎತ್ತಿದಾಗ ಎರಡೂ ಬದಿಗೆ ಸಿಕ್ಕಿಸಲು ಬೆರಳು ಗಾತ್ರದ ಎರಡು ಕಬ್ಬಿಣದ ಕೀಲುಗಳನ್ನೂ ಮಿಸ್ತ್ರಿ ಮಾಡಿಕೊಟ್ಟ. "ಸ್ಪ್ರಿಂಗ್ ಕಡಿದ್ರೂ ಇವು ಬೀಳಾಕ ಬಿಡಂಗಿಲ್ಲ" ಎಂದ. ಹೊರಡುವಾಗ ಅತ್ತೆ ಬನ್ನಿ ಎಲೆ ಕೊಟ್ಟರು. ಅವನು ಎರಡೂ ಕೈಯಲ್ಲಿ ಇಸಿದುಕೊಂಡು, ಅದರಲ್ಲೇ ನಾಲ್ಕು ಎಲೆ ಕಿತ್ತು ನಮ್ಮವರ ಅಂಗೈಯಲ್ಲಿ ಇಟ್ಟ. "ಬಂಗಾರದಂಗ ಇರ್ರಿ ಸರ" ಎಂದ. ಪ್ರತಿ ವರ್ಷ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು. ನಾನು ಅಡುಗೆಮನೆಗೆ ಹೋಗಿ ಸ್ವಲ್ಪ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತೆ.

ಸಂಜೆ ಗಾಡಿಗೆ ಪೂಜೆ ಮಾಡಿ, ಲಿಂಬೆಹಣ್ಣು ಹಾಯಿಸಿಕೊಂಡು ಲಕ್ಷ್ಮೇಶ್ವರಕ್ಕೆ ಹೋದೆವು. ದೊಡ್ಡಮ್ಮನ ಮನೆಯಲ್ಲಿ ನಮ್ಮವರು ಇಡೀ ಕಥೆಯನ್ನು ನಗುನಗುತ್ತಾ ಹೇಳಿದರು. "ಇಕಿ ಬೈದಳು ಅಂತ ನಾ ಉಳಿದೆ. ಇನ್ನ ಮ್ಯಾಲೆ ದಿನಾ ಬೈ ಅಂತ ಹೇಳೇನಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಎಣ್ಣೆಯ ವಿಷಯವನ್ನು ಅವರು ಅಲ್ಲಿ ಹೇಳಲಿಲ್ಲ, ಇವತ್ತಿನವರೆಗೆ ಎಲ್ಲೂ ಹೇಳಿಲ್ಲ.

ನಾನು ಮಾತ್ರ ದಿನಾ ಮುಂಡರಗಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅದನ್ನೇ ತಿರುಗಿಸಿ ಮುರುಗಿಸಿ ನೋಡುತ್ತೇನೆ. ಫೋನ್ ಬಂದು, ಸಿಟ್ಟಿಲ್ಲದೆ, ಒನಕೆ ಬಿಟ್ಟು ನಾನೇ ನಾಲ್ಕು ಹೆಜ್ಜೆ ಹೋಗಿದ್ದರೆ. ಮಿಸ್ತ್ರಿಗೆ ಆ ಪ್ರಶ್ನೆ ನೆನಪಾಗದಿದ್ದರೆ. ಕಳೆದ ತಿಂಗಳು ಒಂಬತ್ತನೆಯ ತರಗತಿಗೆ ಬೀಳುವ ವಸ್ತುವಿನ ಪಾಠ ಬಂತು. ಎತ್ತರ ಎಂದು ಬರೆದು ಒಂದು ಅಂಕಿ ಹಾಕಬೇಕಿತ್ತು. ಯಾವ ಅಂಕಿಯಾದರೂ ನಡೆಯುತ್ತಿತ್ತು. ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ಆಮೇಲೆ ಇಪ್ಪತ್ತು ಮೀಟರ್ ಎಂದು ಬರೆದೆ, ಪುಸ್ತಕದಲ್ಲಿ ಇದ್ದ ಹಾಗೆ. ತಿಕ್ಕಾಟದ ಪಾಠವನ್ನು ಇನ್ನೂ ತೆಗೆದಿಲ್ಲ.

ಬೆಳಿಗ್ಗೆ ಶಿರಹಟ್ಟಿಗೆ ಹೊರಡುವಾಗ ನಮ್ಮವರು ಶೆಟರ್ ಎತ್ತುತ್ತಾರೆ. ಈಗ ಅದು ಒಂದೇ ಕೈಗೆ ಹಗುರಾಗಿ ಮೇಲೆ ಹೋಗುತ್ತದೆ. ಎರಡೂ ಬದಿಗೆ ಕೀಲು ಸಿಕ್ಕಿಸುತ್ತಾರೆ, ಒಮ್ಮೆ ಎಳೆದು ನೋಡುತ್ತಾರೆ. ಆಮೇಲೆ ಒಳಗೆ ಹೋಗುತ್ತಾರೆ. ಎಂಟು ಫೂಟಿನ ಬಾಗಿಲು, ಅವರ ಎತ್ತರ ಐದೂವರೆ. ಆದರೂ ಹೊಸ್ತಿಲು ದಾಟುವಾಗ ತಲೆ ಬಗ್ಗಿಸಿ ದಾಟುತ್ತಾರೆ. ಅದು ಅವರ ಗಮನಕ್ಕೆ ಬಂದಂತಿಲ್ಲ. ನಾನು ಬುತ್ತಿಯ ಚೀಲ ಹಿಡಿದು ಕಟ್ಟೆಯ ಮೇಲೆ ನಿಂತು ನೋಡುತ್ತೇನೆ. ಕಾರು ಪೂರ್ತಿ ಬೀದಿಗೆ ಬಂದಮೇಲೆ ಚೀಲ ಕೊಡುತ್ತೇನೆ.